ರಾಜಪ್ರಮುಖರ ಪಿಯಾನೊ

1953ರ ಅಕ್ಟೋಬರ್ 1. ಅದುವರೆಗೆ ಮದರಾಸು ಪ್ರಾಂತ್ಯದಲ್ಲಿದ್ದ ಬಳ್ಳಾರಿ, ಸಿರುಗುಪ್ಪ ಮೊದಲಾದ ಏಳು ತಾಲ್ಲೂಕುಗಳು ಅಂದು ಮೈಸೂರು ರಾಜ್ಯಕ್ಕೆ ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದ ಪಾಲಾದವು. ಬಳ್ಳಾರಿ ಯಾರಿಗೆ ಎಂಬ ಜಗ್ಗಾಟ ಮುಗಿದ ನೆಮ್ಮದಿಯಲ್ಲಿ ರಾಜಪ್ರಮುಖರು ಯಾರೆಂದು ತಲೆ ಕೆಡಿಸಿಕೊಂಡವರು ಕಡಿಮೆ. ಕುರುಗೋಡಿನ ದೊಡ್ಡ ಬಸವೇಶ್ವರನ ತೇರು ಎಳೆಯುವವರಿಗೆ ಜಯಚಾಮರಾಜ ಒಡೆಯರೆಂದರೆ ದಸರಾ ಅಂಬಾರಿಯ ಮಹಾರಾಜರು, ಅಷ್ಟೇ.

ಆದರೆ ಒಡೆಯರಿಗೆ ಬೇಕಾಗಿದ್ದುದು ಅಂಬಾರಿಯಲ್ಲ, ಪಿಯಾನೊ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದಿದ್ದ ಅವರಿಗೆ ಕಛೇರಿ ನೀಡುವ ಪಿಯಾನೊ ವಾದಕನಾಗುವ ಆಸೆಯಿತ್ತು. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ಇಪ್ಪತ್ತೊಂದರ ಹರೆಯದಲ್ಲಿ ಸಿಂಹಾಸನ ಏರಬೇಕಾಯಿತು. ಪಿಯಾನೊ ಅರಮನೆಯಲ್ಲೇ ಉಳಿಯಿತು.

ತಾವು ನುಡಿಸಲಾಗದ್ದನ್ನು ಬೇರೆಯವರಿಂದ ನುಡಿಸಿದರು. ರಷ್ಯಾ ತೊರೆದು ಲಂಡನ್ನಿನಲ್ಲಿ ಕಾಯಿಲೆ, ಬಡತನಗಳಲ್ಲಿದ್ದ ಸಂಯೋಜಕ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನು ಸ್ವತಃ ಆತನೇ ನುಡಿಸಿ ಧ್ವನಿಮುದ್ರಿಸಲು ಹಣ ಕೊಟ್ಟರು. ಆಗಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ನಾಲ್ಕೂವರೆ ನಿಮಿಷದಷ್ಟು ಸಂಗೀತ. ಒಂದು ಕನ್ಚೆರ್ಟೊ ಮುಗಿಯುವುದರೊಳಗೆ ತಟ್ಟೆಯನ್ನು ಎಷ್ಟು ಸಲ ತಿರುವಿಹಾಕಬೇಕಿತ್ತೋ! ಮೆಟ್ನರ್ ತನ್ನ ಮೂರನೆಯ ಕನ್ಚೆರ್ಟೊವನ್ನು ಮೈಸೂರಿನ ದೊರೆಗೆ ಅರ್ಪಿಸಿದ. ಜರ್ಮನಿಯ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಸಿದ್ದೂ ಒಡೆಯರ 4,800 ಡಾಲರ್‌ಗಳ ಖಾತರಿಯಿಂದಲೇ. ಅಲ್ಲಿ ಹಾಡಿದ್ದರ ಮುದ್ರಿಕೆ ಮೈಸೂರಿಗೆ ಬರಬೇಕೆಂಬುದು ಅವರ ಬೇಡಿಕೆ. ಬಂಗಾರ, ವಜ್ರ ಕೂಡಿಡುವ ರಾಜರ ನಡುವೆ ಈತ ಇಪ್ಪತ್ತು ಸಾವಿರದಷ್ಟು ಧ್ವನಿಮುದ್ರಿಕೆ ಕೂಡಿಟ್ಟವರು.

ಇಷ್ಟೆಲ್ಲ ಪಾಶ್ಚಾತ್ಯ ಸಂಗೀತ ಕಿವಿಯಲ್ಲಿದ್ದೂ ತಮ್ಮ ಹೆಸರಿನಲ್ಲಿ ಉಳಿಸಿದ್ದು ಸಿಂಫನಿಯನ್ನಲ್ಲ, 94 ಸಂಸ್ಕೃತ ಕೃತಿಗಳನ್ನು! ಎಲ್ಲವೂ ಬೇರೆಬೇರೆ ರಾಗಗಳಲ್ಲಿ, ‘ಶ್ರೀವಿದ್ಯಾ’ ಅಂಕಿತದಲ್ಲಿ. ಜೊತೆಗಿದ್ದವರು ಮೈಸೂರು ವಾಸುದೇವಾಚಾರ್ಯರು. ಎರಡು ಸಂಗೀತಗಳನ್ನು ಕಲಸುವ ಗೋಜಿಗೆ ಒಡೆಯರು ಹೋಗಲಿಲ್ಲ. ಸುಲಭವಾಗಿ ಚಪ್ಪಾಳೆ ಗಿಟ್ಟಿಸಬಹುದಾಗಿದ್ದ ಆ ದಾರಿಯನ್ನು ಬಿಟ್ಟದ್ದೇ ಅವರ ದೊಡ್ಡತನ.

ರಾಜ್ಯ ಹೋಯಿತು, 1956ರಲ್ಲಿ ರಾಜಪ್ರಮುಖ ಪದವಿಯೂ ಹೋಯಿತು, ಆಮೇಲೆ ರಾಜ್ಯಪಾಲರಾದರು. 1974ರ ಸೆಪ್ಟೆಂಬರ್ 23ರಂದು ತೀರಿಕೊಂಡಾಗ ಅವರಿಗೆ ಐವತ್ತೈದು ವರ್ಷ.

ಸಿರುಗುಪ್ಪದ ಕಡೆಯ ಹಳೆಯ ಕಾಗದಪತ್ರಗಳಲ್ಲಿ ಅವರ ಬಿರುದು ಎಲ್ಲೋ ಮೂಲೆಯಲ್ಲಿ ಇದ್ದೀತು. ಗಂಭೀರನಾಟದ ‘ಶ್ರೀ ಜಾಲಂಧರ’ದಿಂದ ಇಂದಿಗೂ ಎಷ್ಟೋ ಕಛೇರಿಗಳು ಆರಂಭವಾಗುತ್ತವೆ. ಬಳ್ಳಾರಿಯ ಸಭೆಯಲ್ಲಿ ಅದನ್ನು ಕೇಳಿ ತಲೆದೂಗುವವರಲ್ಲಿ, ಇದು ನಮ್ಮ ಮೊದಲ ರಾಜಪ್ರಮುಖರದೆಂದು ಪಕ್ಕದವರಿಗೆ ಹೇಳುವವರು ಎಷ್ಟು ಮಂದಿಯೋ.