ಬೇಕನ್ನಿಗೆ ಡಿಕಾಕ್ಷನ್

ಬೇಕನ್ ಹಾಕುವಾಗ ಬಾಣಲೆ ತಣ್ಣಗಿರಬೇಕು. ಕಾದ ಎಣ್ಣೆಗೆ ಸಾಸಿವೆ ಸಿಡಿಸಿ ಅಡುಗೆ ಶುರುಮಾಡುವ ಕೈಗೆ ಇದು ಒಗ್ಗುವುದು ತುಸು ಕಷ್ಟ. ಒಲೆ ಹಚ್ಚುವ ಮೊದಲೇ ಬೀಡಿನ ಬಾಣಲೆಯಲ್ಲಿ ಬೆರಳಗಲ ಕತ್ತರಿಸಿದ ಬೇಕನ್ ಹರಡಿ, ಆಮೇಲೆ ಸಣ್ಣ ಉರಿ ಕೊಡಬೇಕು. ಕಾದ ಬಾಣಲೆಗೆ ಬಿದ್ದರೆ ಮಾಂಸದ ಎಳೆ ಮೊದಲು ಮುರುಟಿ ಸೀಯುತ್ತದೆ, ಕೊಬ್ಬಿನ ಎಳೆ ಹಲ್ಲಿಗೆ ಬಗ್ಗದೆ ಹಾಗೇ ಉಳಿಯುತ್ತದೆ. ಮೆಲ್ಲಗೆ ಕಾದರೆ ಕೊಬ್ಬು ಕರಗಿ ಹೊರಗೆ ಬಂದು, ಆ ಕೊಬ್ಬಿನಲ್ಲೇ ಮಾಂಸ ಹುರಿಯುತ್ತದೆ. ಎಣ್ಣೆ ಒಂದು ತೊಟ್ಟೂ ಬೇಡ. ಅಮೆರಿಕದ ಕೆಲವು ಹಳೇ ಕೈಗಳು ಮೊದಲಿಗೆ ಎರಡು ಚಮಚ ನೀರನ್ನೂ ಹಾಕುತ್ತವೆ. ನೀರು ಆರುವಷ್ಟರಲ್ಲಿ ಕೊಬ್ಬು ಇಳಿಯಲು ಶುರುವಾಗಿರುತ್ತದೆ.

ಹೀಗೆ ಹುರಿದದ್ದನ್ನು ಈರುಳ್ಳಿ, ಸಕ್ಕರೆ, ವಿನೆಗರ್, ಕಾಫಿ ಸೇರಿಸಿ ಗಟ್ಟಿಯಾಗುವವರೆಗೆ ಕುದಿಸಿದರೆ ಬೇಕನ್ ಜ್ಯಾಮ್. ಕಪ್ಪುಗೆಂಪು ಬಣ್ಣ, ಸಿಹಿ, ಉಪ್ಪು, ಹುಳಿ, ಹೊಗೆ ಎಲ್ಲ ಒಟ್ಟಿಗೆ. ಬ್ರೆಡ್ಡಿಗೆ ಸವರಿಕೊಂಡು ತಿನ್ನುತ್ತಾರೆ. ಬರ್ಗರಿನೊಳಗೆ ಇಡುತ್ತಾರೆ. ಫ್ರಿಜ್ ಬಾಗಿಲು ತೆರೆದು ನಿಂತೇ ಚಮಚದಲ್ಲಿ ತಿನ್ನುವವರೂ ಉಂಟು, ಹೆಸರು ಹೇಳುವುದಿಲ್ಲ, ನನ್ನ ಮನೆಯವರೇ.

ನಾವಿರುವ ಸಿಯಾಟಲ್‌ನಲ್ಲಿ ಈ ಪದಾರ್ಥಕ್ಕೆ ಒಂಥರಾ ತವರಿನ ಮರ್ಯಾದೆ ಇದೆ. ಜೋಶ್ ಹೆಂಡರ್ಸನ್ ಎಂಬ ಬಾಣಸಿಗ 2007ರಲ್ಲಿ ಹಳೆಯ ಏರ್‌ಸ್ಟ್ರೀಮ್ ಬಂಡಿಯೊಂದನ್ನು ಅಡುಗೆಮನೆ ಮಾಡಿಕೊಂಡು ‘ಸ್ಕಿಲೆಟ್’ ಎಂಬ ಹೆಸರಿನಲ್ಲಿ ಬೀದಿಬದಿಯ ಊಟ ಶುರುಮಾಡಿದರು. ಅವರ ಬರ್ಗರಿನಲ್ಲಿ ಬೇಕನ್ ಪಟ್ಟಿಯ ಬದಲು ಬೇಕನ್ ಜ್ಯಾಮ್ ಇರುತ್ತಿತ್ತು. ಜನ ಅದನ್ನಷ್ಟೇ ಬೇರೆ ಕೊಡಿ ಎಂದು ಕೇಳುವ ಮಟ್ಟಕ್ಕೆ ಹೋಗಿ, ಕಡೆಗೆ ಬಾಟಲಿಗೆ ತುಂಬಿ ಮಾರುವುದೂ ಆಯಿತು. ಹಾಗೆಂದು ಹಂದಿಯ ಕೊಬ್ಬಿಗೆ ಸಿಹಿ ಬೆರೆಸುವ ಬುದ್ಧಿ ಸಿಯಾಟಲ್‌ನಲ್ಲೇ ಹುಟ್ಟಿತು ಎನ್ನಲಾಗದು. ಜರ್ಮನಿಯಲ್ಲಿ ಕರಗಿಸಿದ ಹಂದಿಕೊಬ್ಬಿಗೆ ಈರುಳ್ಳಿ, ಸೇಬು, ಗರಿಗರಿ ಹುರಿದ ಕೊಬ್ಬಿನ ಚೂರು ಸೇರಿಸಿ ಕಪ್ಪು ಬ್ರೆಡ್ಡಿಗೆ ಸವರುವುದು ಬಡವರ ಮನೆಯ ಹಳೆಯ ರೂಢಿ. ಅಮೆರಿಕ ಅದಕ್ಕೆ ಹೊಗೆ ಹಿಡಿಸಿ ಮೇಪಲ್ ಸಿರಪ್ ಸುರಿಯಿತು, ಬೆಲೆಯನ್ನೂ ಏರಿಸಿತು.

ಬೇಕನ್ ವಿಷಯದಲ್ಲಿ ಈ ದೇಶದ ಮೋಹ ನೋಡಿದರೆ ಇದು ಇವರ ಅನಾದಿ ಕಾಲದ ತಿಂಡಿ ಅನ್ನಿಸಬೇಕು. ಬೆಳಗಿನ ತಟ್ಟೆಯಲ್ಲಿ ಅದು ಇಷ್ಟು ಭದ್ರವಾಗಿ ಕೂತದ್ದರ ಹಿಂದೆ ಮಾತ್ರ ಒಬ್ಬ ಜಾಹೀರಾತು ಚತುರನ ಕೈವಾಡ ಇದೆ. ಸಿಗ್ಮಂಡ್ ಫ್ರಾಯ್ಡನ ಸೋದರಳಿಯ ಎಡ್ವರ್ಡ್ ಬರ್ನೇಸ್‌ಗೆ 1920ರ ದಶಕದಲ್ಲಿ ಬೀಚ್-ನಟ್ ಎಂಬ ಕಂಪನಿ ಬೇಕನ್ ಮಾರಾಟ ಹೆಚ್ಚಿಸುವ ಕೆಲಸ ವಹಿಸಿತು. ಆಗ ನಗರದ ಜನ ಒಂದು ಲೋಟ ಹಣ್ಣಿನ ರಸ, ಕಾಫಿ, ಒಂದು ತುಂಡು ಬ್ರೆಡ್ಡಿಗೆ ಬೆಳಗಿನ ತಿಂಡಿ ಮುಗಿಸುತ್ತಿದ್ದರು. ಬರ್ನೇಸ್ ಬೇಕನ್ ಕೊಳ್ಳಿ ಎಂದು ಕೂಗಲಿಲ್ಲ. ಬೆಳಗಿನ ತಿಂಡಿ ಹೊಟ್ಟೆತುಂಬ ಇರುವುದು ಒಳ್ಳೆಯದಲ್ಲವೇ ಎಂದು ಒಬ್ಬ ವೈದ್ಯರಿಂದ ಸಾವಿರಾರು ವೈದ್ಯರಿಗೆ ಕಾಗದ ಬರೆಸಿ, ಬಂದ ಒಪ್ಪಿಗೆಗಳನ್ನು ಪತ್ರಿಕೆಗಳಿಗೆ ಕೊಟ್ಟರು. ಹೊಟ್ಟೆತುಂಬ ಎಂದರೆ ಮೊಟ್ಟೆ ಮತ್ತು ಬೇಕನ್ ಎಂದು ಹಲವು ಪತ್ರಿಕೆಗಳೇ ಬರೆದವು. ವೈದ್ಯರ ಮಾತಿಗೆ ಎದುರಾಡುವವರು ಯಾರು? ಬರ್ನೇಸ್ 103 ವರ್ಷ ಬದುಕಿ 1995ರಲ್ಲಿ ತೀರಿಕೊಂಡರು. ಅವರು ದಿನಾ ಬೆಳಗ್ಗೆ ಏನು ತಿನ್ನುತ್ತಿದ್ದರೋ, ತಿಳಿಯುವ ಆಸೆ ನನಗಿದೆ.

ಇನ್ನೂ ವಿಚಿತ್ರವೆಂದರೆ ಷಿಕಾಗೋದ ಪೇಟೆ. ಅಲ್ಲಿ 1961ರಿಂದ 2011ರವರೆಗೆ, ಬೇಕನ್ ಆಗಬೇಕಾದ ಹೆಪ್ಪುಗಟ್ಟಿದ ಹಂದಿಹೊಟ್ಟೆಯ ಮೇಲೆ ವಾಯಿದೆ ವ್ಯಾಪಾರ ನಡೆಯುತ್ತಿತ್ತು. ಜನ ಬೇಸಿಗೆಯಲ್ಲಿ ಟೊಮೆಟೊ ಸ್ಯಾಂಡ್‌ವಿಚ್ಚಿಗೆ ಹೆಚ್ಚು ಬೇಕನ್ ತಿನ್ನುತ್ತಿದ್ದರಿಂದ ಚಳಿಗಾಲದಲ್ಲಿ ಹೆಪ್ಪುಗಟ್ಟಿಸಿ ಕೂಡಿಡುತ್ತಿದ್ದರು. ಆ ದಾಸ್ತಾನಿನ ಬೆಲೆ ಏರುತ್ತದೋ ಇಳಿಯುತ್ತದೋ ಎಂಬುದೇ ಜೂಜು. ಬರ್ಗರ್ ಅಂಗಡಿಗಳು ವರ್ಷವಿಡೀ ಬೇಕನ್ ಹಾಕತೊಡಗಿದ ಮೇಲೆ ಕೂಡಿಡುವ ಅಗತ್ಯ ಕಮ್ಮಿಯಾಗಿ ವ್ಯಾಪಾರವೂ ನಿಂತುಹೋಯಿತು. ಕಾಫಿ ಬೆಲೆಗೆ ಲಂಡನ್, ನ್ಯೂಯಾರ್ಕ್ ಕಡೆ ಕಿವಿಕೊಟ್ಟು ಬದುಕುವ ಕೊಡಗಿನ ತೋಟದ ಮನೆಯಲ್ಲಿ ಬೆಳೆದ ನನಗೆ ಈ ಕಥೆ ಪೂರ್ತಿ ಪರಕೀಯವಲ್ಲ.

ಬಾಣಲೆಗೆ ಬರೋಣ. ಇಲ್ಲಿ ಬೇಕನ್ ಹನ್ನೆರಡು ಔನ್ಸಿನ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಎರಡು ಪ್ಯಾಕೆಟ್ಟಿಗೆ ಸುಮಾರು 680 ಗ್ರಾಂ. ಹುರಿದು ಮುಗಿಯುವಷ್ಟರಲ್ಲಿ ಅದು ಎಷ್ಟು ಕುಗ್ಗುತ್ತದೆಂದರೆ ಮೊದಲ ಸಲ ಮಾಡುವವರು ಅತ್ತ ಇತ್ತ ನೋಡಿ ಯಾರಾದರೂ ತೆಗೆದುಕೊಂಡು ಹೋದರೇ ಎಂದು ಕೇಳಿಯಾರು. ಇಂಗ್ಲೆಂಡಿನ ಬೇಕನ್ ಬಹುಪಾಲು ಬೆನ್ನಿನ ಮಾಂಸ. ಕೊಬ್ಬು ಸಾಲದು, ಈ ಕೆಲಸಕ್ಕೆ ಅದು ಬೇಡ. ಹೊಟ್ಟೆಯ ಭಾಗವೇ ಆಗಬೇಕು. ತುಂಡುಗಳು ಕಂದಾಗಿ, ಇನ್ನೂ ಪೂರ್ತಿ ಗರಿಗರಿ ಆಗದಿರುವಾಗ ತೆಗೆದು ಬದಿಗಿಡುತ್ತೇನೆ. ಬಾಣಲೆಯಲ್ಲಿ ಒಂದು ದೊಡ್ಡ ಚಮಚದಷ್ಟು ಕೊಬ್ಬು ಉಳಿಸಿ ಮಿಕ್ಕದ್ದನ್ನು ಬಸಿಯಬೇಕು. ಪೂರ್ತಿ ಬಿಟ್ಟರೆ ಜ್ಯಾಮ್ ತಣ್ಣಗಾದಾಗ ಮೇಲೆ ಬಿಳಿಯ ಪದರ ಕಟ್ಟಿಕೊಳ್ಳುತ್ತದೆ. ಬಸಿದದ್ದನ್ನು ಚೆಲ್ಲುವುದು ಪಾಪ. ಆಲೂಗಡ್ಡೆ ಹುರಿಯಲು ಅದಕ್ಕಿಂತ ಒಳ್ಳೆಯ ಎಣ್ಣೆ ನಾನು ಕಂಡಿಲ್ಲ.

ಈರುಳ್ಳಿ ಎರಡು ದೊಡ್ಡದು, ಬೆಳ್ಳುಳ್ಳಿ ಮೂರು ಎಸಳು. ಅವಸರದವರು ಕೆಡುವುದು ಇಲ್ಲಿ. ಐದು ನಿಮಿಷದಲ್ಲಿ ಈರುಳ್ಳಿ ಬಾಡುತ್ತದೆ, ಆದರೆ ಬಾಡಿದ ಈರುಳ್ಳಿಗೆ ರುಚಿ ಬಂದಿರುವುದಿಲ್ಲ. ಅದರೊಳಗಿನ ನೀರು ಆರಿ, ಸಕ್ಕರೆ ಕಂದಾಗಿ, ತುಂಡುಗಳ ಅಂಚು ಕರಗಿ ಒಂದಕ್ಕೊಂದು ಅಂಟುವ ಹೊತ್ತಿಗೆ ಅರ್ಧ ಗಂಟೆಯಾದರೂ ಬೇಕು. ಮಾಂಸದ ಪ್ರೋಟೀನೂ ಸಕ್ಕರೆಯೂ ಬಿಸಿಯಲ್ಲಿ ಕೂಡಿ ಕಂದು ಬಣ್ಣ, ಪರಿಮಳ ಹುಟ್ಟಿಸುವ ಕ್ರಿಯೆಯನ್ನು 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ ವಿವರಿಸಿದ. ಬಾಣಲೆಯ ತಳಕ್ಕೆ ಹಿಡಿದಿರುವ ಆ ಕಂದು ಕಂಟು ಅವನದೇ ಆಸ್ತಿ. ಕೆರೆದು ತೊಳೆಯುವ ಕೈಗಳನ್ನು ಹಿಡಿದು ನಿಲ್ಲಿಸಿ, ವಿನೆಗರ್ ಸುರಿಯಬೇಕು. ಚುರ್ರೆಂದು ಹಬೆ ಎದ್ದು, ಕಣ್ಣು ಮೂಗು ಉರಿದು, ತಳದ ಕಂಟೆಲ್ಲ ಬಿಟ್ಟುಕೊಳ್ಳುತ್ತದೆ. ಸೇಬಿನ ವಿನೆಗರ್ ಅರ್ಧ ಬಟ್ಟಲು ಸಾಕು.

ಸಕ್ಕರೆಯ ವಿಚಾರದಲ್ಲಿ ನನಗೂ ಇಲ್ಲಿನವರಿಗೂ ಜಗಳ. ಸಾಮಾನ್ಯವಾಗಿ ಕಾಣುವ ಲೆಕ್ಕ: ಅರ್ಧ ಬಟ್ಟಲು ಬ್ರೌನ್ ಶುಗರ್, ಜೊತೆಗೆ ಕಾಲು ಬಟ್ಟಲು ಮೇಪಲ್ ಸಿರಪ್. ಅಷ್ಟು ಹಾಕಿದರೆ ಅದು ಮಕ್ಕಳ ಮಿಠಾಯಿ. ಯೋಚಿಸಿ ನೋಡಿ, ಬೇಕನ್ ಹದಮಾಡುವಾಗಲೇ ಉಪ್ಪಿನ ಜೊತೆ ಸಕ್ಕರೆ ಬಿದ್ದಿರುತ್ತದೆ, ಹೊಗೆ ಹಿಡಿದಿರುತ್ತದೆ. ಈರುಳ್ಳಿ ತನ್ನ ಸಿಹಿ ಬಿಟ್ಟಿರುತ್ತದೆ. ಉಪ್ಪು, ಸಿಹಿ, ಹೊಗೆ, ಕೊಬ್ಬು ನಾಲ್ಕೂ ತುಂಬಿರುವ ಮನೆಗೆ ಇನ್ನಷ್ಟು ಸಿಹಿ ಕರೆತಂದು ಏನು ಪ್ರಯೋಜನ? ಇಲ್ಲದಿರುವುದು ಹುಳಿ ಮತ್ತು ಕಹಿ. ಈ ಅಡುಗೆಯ ಯಜಮಾನರು ಅವರಿಬ್ಬರೇ. ಸಕ್ಕರೆಗೆ ಹೊಳಪು ಮತ್ತು ಅಂಟು ಕೊಡುವ ಕೆಲಸ ಮಾತ್ರ. ನಾನು ಬ್ರೌನ್ ಶುಗರ್ ಬಿಟ್ಟು ಬೆಲ್ಲ ಹಾಕುತ್ತೇನೆ, ಅದೂ ಕಾಲು ಬಟ್ಟಲು. ಬ್ರೌನ್ ಶುಗರ್ ಎಂದರೆ ಬಿಳಿ ಸಕ್ಕರೆಗೇ ಕಾಕಂಬಿ ಬೆರೆಸಿದ್ದು. ಅದಕ್ಕಿಂತ ಕಾಕಂಬಿ ಕಳೆದುಕೊಳ್ಳದೇ ಇರುವ ಬೆಲ್ಲ ವಾಸಿ. ಮೇಪಲ್ ಒಂದು ಚಮಚ, ಅದು ಊರಿಗೆ ಕೊಡುವ ಗೌರವ. ಸುಮಾರು ನಲವತ್ತು ಲೀಟರ್ ಮರದ ರಸ ಕುದಿಸಿ ಒಂದು ಲೀಟರ್ ಮಾಡಿದ್ದನ್ನು ಮತ್ತೆ ಕುದಿಸಿ ಬತ್ತಿಸುವಾಗ ಕೈ ಹಿಡಿತದಲ್ಲಿರಲಿ.

ಈಗ ಕಹಿ. ಕಾಫಿ ಹಾಕುತ್ತಾರೆ ಎಂದು ಮೊದಲು ಕೇಳಿದಾಗ ಹೊಸ ಕಾಲದ ಹುಚ್ಚು ಎಂದುಕೊಂಡಿದ್ದೆ. ಹಾಗಲ್ಲ. ಟೆನೆಸಿ, ಕೆಂಟಕಿ ಕಡೆ ಉಪ್ಪು ಹಾಕಿ ಹದಮಾಡಿದ ಹಂದಿತೊಡೆಯನ್ನು ಹುರಿದ ಬಾಣಲೆಗೆ ಕಪ್ಪು ಕಾಫಿ ಸುರಿದು, ತಳದ ಕಂಟನ್ನು ಬಿಡಿಸಿ ಸಾರಿನ ಹಾಗೆ ತಿನ್ನುವುದು ಹಳೆಯ ಪದ್ಧತಿ. ಅದಕ್ಕೆ ರೆಡ್-ಐ ಗ್ರೇವಿ ಎನ್ನುತ್ತಾರೆ. ಬೇಕನ್ ಜ್ಯಾಮಿನ ಕಾಫಿ ಆ ಮನೆತನದ್ದು. ಮುಕ್ಕಾಲು ಬಟ್ಟಲು ಕಾಫಿ ಎಂದು ಲೆಕ್ಕ ಹೇಳುವವರು ತೆಳ್ಳಗಿನ ಅಮೆರಿಕನ್ ಕಾಫಿ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ನಮ್ಮ ಫಿಲ್ಟರಿನ ಮೊದಲ ಡಿಕಾಕ್ಷನ್ ಆದರೆ ಕಾಲು ಬಟ್ಟಲು, ಮಿಕ್ಕದ್ದು ನೀರು. ಚಿಕೋರಿ ಬೆರೆತ ಪುಡಿಯಾದರೆ ಹೇಗೆ ಎಂದು ಅನುಮಾನಪಡುವುದು ಬೇಡ. ಚಿಕೋರಿ ಕಾಫಿಯನ್ನು ಕೊಂಡಾಡುವ ಊರು ಈ ದೇಶದಲ್ಲೂ ಒಂದಿದೆ, ನ್ಯೂ ಆರ್ಲಿಯನ್ಸ್. ಅವರು ಹಂದಿಯನ್ನೂ ಅಷ್ಟೇ ಪ್ರೀತಿಯಿಂದ ತಿನ್ನುತ್ತಾರೆ. ಚಿಕೋರಿಯ ಕಹಿಯಲ್ಲಿ ಒಂದು ಸುಟ್ಟ ಸಿಹಿ ಇರುತ್ತದೆ, ಬೇಕನ್ನಿನ ಹೊಗೆಗೆ ಅದು ಚೆನ್ನಾಗಿ ಹೊಂದುತ್ತದೆ. ಹಾಲು ಬೆರೆಸಿದ ಕಾಫಿ ಮಾತ್ರ ದಯವಿಟ್ಟು ಬೇಡ.

ವಿರಾಜಪೇಟೆಯ ನನ್ನ ಮಾವಿ ಫೋನಿನಲ್ಲಿ ಇದನ್ನೆಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅಲ್ಲ ಕುಂಞಿ, ಪಂದಿಗೆ ಬೆಲ್ಲ, ಕಾಫಿ ಎಲ್ಲ ಹಾಕಿದೆ. ಕಾಚಂಪುಳಿ ಎಲ್ಲಿ?”

“ವಿನೆಗರ್ ಹಾಕಿದ್ದೇನೆ ಮಾವಿ.”

“ವಿನೆಗರ್ ಅಂದ್ರೆ ನೀರು. ನಿನ್ನ ಹತ್ರ ಬಾಟಲಿ ಇಲ್ವಾ? ನಾನೇ ಕೊಟ್ಟಿದ್ದು.”

ಬಾಟಲಿ ಇತ್ತು. ಮಳೆಗಾಲದಲ್ಲಿ ಪಣಪುಳಿ ಹಣ್ಣಿನ ರಸ ಇಳಿಸಿ, ಗಟ್ಟಿಯಾಗಿ ಕಪ್ಪಾಗುವ ತನಕ ಕುದಿಸಿ ತೆಗೆಯುವ ಕಾಚಂಪುಳಿಯನ್ನು ಬಟ್ಟೆ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಮತ್ತೆ ಬಟ್ಟೆ ಸುತ್ತಿ ಸೂಟ್‌ಕೇಸಿನ ನಡುವೆ ಇಟ್ಟು ತರದ ಕೊಡವರು ಅಮೆರಿಕದಲ್ಲಿ ಇರಲಾರರು. ಪಂದಿಕರಿಗೆ ಅದನ್ನು ಹಾಕುವುದು ಕೊನೆಯಲ್ಲಿ. ಮಾಂಸ ಬೆಂದು, ಕೊಬ್ಬು ಬಿಟ್ಟು, ಹುರಿದ ಮಸಾಲೆ ಕಪ್ಪಾದ ಮೇಲೆ. ಅದೇ ಕ್ರಮವನ್ನು ಇಲ್ಲಿಗೂ ತಂದೆ. ತಳ ಬಿಡಿಸುವ ಕೆಲಸಕ್ಕೆ ಸೇಬಿನ ವಿನೆಗರ್, ಒಲೆ ಆರಿಸುವ ಹೊತ್ತಿಗೆ ಒಂದು ಸಣ್ಣ ಚಮಚ ಕಾಚಂಪುಳಿ. ವಿನೆಗರಿನ ಹುಳಿ ನಾಲಿಗೆಯ ತುದಿಗೆ ತಾಗಿ ಹೋಗಿಬಿಡುತ್ತದೆ. ಕಾಚಂಪುಳಿ ಗಂಟಲ ತನಕ ಬಂದು ಕೊಬ್ಬನ್ನು ಕಡಿದು ಹಾಕುತ್ತದೆ. ಮಾವಿ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇದ್ದರೂ ಸುಳ್ಳಿರಲಿಲ್ಲ.

ಬದಿಗಿಟ್ಟ ಬೇಕನ್ನನ್ನು ಮತ್ತೆ ಸೇರಿಸಿ ಕುದಿಸುವುದು ಮುಚ್ಚಳ ಇಲ್ಲದೆ. ಸ್ಲೋ ಕುಕ್ಕರ್ ಇದ್ದವರಿಗೆ ಮೂರೂವರೆ, ನಾಲ್ಕು ಗಂಟೆ; ಒಲೆಯ ಮೇಲೆ ಮುಕ್ಕಾಲು ಗಂಟೆಯಲ್ಲಿ ಆಗುತ್ತದೆ, ಆದರೆ ಸೌಟು ಕೈಬಿಡಬಾರದು. ಸೌಟಿನಿಂದ ಗೀರಿದರೆ ತಳ ಕಂಡು, ದಾರಿ ಕೂಡಿಕೊಳ್ಳಲು ಒಂದೆರಡು ಕ್ಷಣ ಹಿಡಿದರೆ ಹದ ಬಂದಂತೆ, ಪುಳಿಯೋಗರೆ ಗೊಜ್ಜಿನ ಹಾಗೆಯೇ. ತಣ್ಣಗಾದ ಮೇಲೆ ಇನ್ನೂ ಬಿಗಿಯುತ್ತದೆ, ಹಾಗಾಗಿ ತುಸು ಮುಂಚೆಯೇ ಇಳಿಸುವುದು ಜಾಣತನ. ಮಿಕ್ಸಿಗೆ ಹಾಕಿ ಎರಡು ಸುತ್ತು ತಿರುಗಿಸುತ್ತಾರೆ. ನಾನು ಚೂರಿಯಿಂದಲೇ ಕೊಚ್ಚುತ್ತೇನೆ. ನುಣ್ಣಗೆ ಅರೆದರೆ ಬಾಯಿಗೆ ಏನು ಸಿಕ್ಕಿತೆಂದೇ ತಿಳಿಯುವುದಿಲ್ಲ. ಉಪ್ಪು ಬೇಡವೇ ಬೇಡ. ಕರಿಮೆಣಸು ಕುಟ್ಟಿ ಧಾರಾಳವಾಗಿ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಜ್ಯಾಮ್ ಎಂದ ಮಾತ್ರಕ್ಕೆ ಮಾವಿನ ಜ್ಯಾಮಿನಂತೆ ಕಪಾಟಿನಲ್ಲಿ ಇಡುವ ಹಾಗಿಲ್ಲ. ಹಣ್ಣಿನ ಜ್ಯಾಮನ್ನು ಕಾಯುವುದು ಅದರ ಹುಳಿ ಮತ್ತು ವಿಪರೀತ ಸಕ್ಕರೆ. ಆಮ್ಲತೆಯ ಅಳತೆ 4.6 ಪಿಎಚ್‌ಗಿಂತ ಮೇಲಿದ್ದು, ಗಾಳಿಯಾಡದಂತೆ ಮುಚ್ಚಿದ ಬಾಟಲಿಯಾದರೆ, ಅಲ್ಲಿ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡಬಲ್ಲದು. ಅದರ ಬೀಜಾಣು ಕುದಿಯುವ ನೀರಿಗೂ ಸಾಯುವುದಿಲ್ಲ. ಮಾಂಸ, ಕೊಬ್ಬು, ಈರುಳ್ಳಿ ಇರುವ ಈ ಪದಾರ್ಥಕ್ಕೆ ನಾವು ಹಾಕುವ ಹುಳಿ ರುಚಿಗೆ ಸಾಕು, ಕಾವಲಿಗೆ ಸಾಲದು. ಕ್ರಿಸ್ಮಸ್ಸಿಗೆ ಉಡುಗೊರೆ ಕೊಡುವವರು ಬಾಟಲಿಗೆ ಕೆಂಪು ರಿಬ್ಬನ್ ಕಟ್ಟಿ ಚಂದ ಮಾಡುತ್ತಾರೆ. ರಿಬ್ಬನ್ ಇರಲಿ, ಮುಚ್ಚಳದ ಮೇಲೆ ‘ಫ್ರಿಜ್’ ಎಂದು ದಪ್ಪಕ್ಷರದಲ್ಲಿ ಬರೆದಿರಬೇಕು. ಒಂದೆರಡು ವಾರದಲ್ಲಿ ತಿಂದು ಮುಗಿಸಬೇಕು, ಇಲ್ಲವೇ ಫ್ರೀಜರಿಗೆ.

ಮುಗಿಯದೆ ಉಳಿಯುವ ಪ್ರಮೇಯ ನಮ್ಮಲ್ಲಿ ಬಂದಿಲ್ಲ. ತೀಕ್ಷ್ಣ ರುಚಿಯ ಹಳೇ ಚೆಡ್ಡರ್ ಚೀಸಿನ ಜೊತೆ ಅದು ಒಳ್ಳೆಯ ಜೋಡಿ, ಅರೆಬೆಂದ ಹಳದಿಯ ಮೊಟ್ಟೆಗೆ ಇನ್ನೂ ಒಳ್ಳೆಯದು. ಬಿಸಿ ಅಕ್ಕಿರೊಟ್ಟಿಗೆ ಸವರಿ ಮಡಚಿದರೆ ಬರ್ಗರ್ ಏಕೆ ಬೇಕು ಅನ್ನಿಸುತ್ತದೆ. ರೊಟ್ಟಿಯ ಸಪ್ಪೆ, ಜ್ಯಾಮಿನ ಅಬ್ಬರವನ್ನು ಹಿಡಿದು ಕೂರಿಸುತ್ತದೆ. ಮಗಳು ಅದರೊಳಗೆ ಚೀಸನ್ನೂ ಇಟ್ಟು ಕಾವಲಿಯ ಮೇಲೆ ಒತ್ತಿ ಸುಡುತ್ತಾಳೆ. ಮಾವಿಗೆ ಈ ವರದಿ ಒಪ್ಪಿಸಿದಾಗ ಅವರು ಚೀಸಿನ ಬಗ್ಗೆ ಏನೂ ಅನ್ನಲಿಲ್ಲ, ಸೂಜಿಮೆಣಸು ಎಷ್ಟು ಹಾಕಿದೆ ಎಂದು ಕೇಳಿದರು. ಹಾಕಿಲ್ಲ, ಕರಿಮೆಣಸು ಸಾಕು ಎಂದೆ. ಅವರು ಒಪ್ಪಿಲ್ಲ, ವಾದ ಇನ್ನೂ ನಡೆಯುತ್ತಿದೆ.