ನೈಟ್ ಡ್ಯೂಟಿ ಡೈರಿ – ಭಾಗ 17: ಪಕ್ಕದ ಮನೆ ಬಿಗ್ ಮಾಮಾ

ಎರಡು ವಾರದಿಂದ ಪೋಸ್ಟ್ ಹಾಕಿರಲಿಲ್ಲ. "ಆರಾಮಿದ್ದೀರಾ ಸಿಸ್ಟರ್?" ಅಂತ ಮೆಸೇಜ್ ಮಾಡಿ ಕೇಳಿದ ಎಲ್ಲರಿಗೂ ಥ್ಯಾಂಕ್ಸ್. ನಾನು ಆರಾಮಾಗಿದ್ದೀನಿ. ಪಕ್ಕದ ಮನೆ ಬಿಗ್ ಮಾಮಾ ಹೋಗ್ಬಿಟ್ರು. 82 ವರ್ಷ ಆಗಿತ್ತು.

ಹೊಸದಾಗಿ ಓದ್ತಿರೋರಿಗೆ ಹೇಳ್ತೀನಿ. ನಾನಿರೋದು ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿ. ಇಲ್ಲಿನ ಆಫ್ರಿಕನ್ ಅಮೆರಿಕನ್ ಮನೆಗಳಲ್ಲಿ ಅಜ್ಜಿಯನ್ನ ಬಿಗ್ ಮಾಮಾ ಅಂತ ಕರೆಯೋದು ವಾಡಿಕೆ. ಮೊದಲ ಸಲ ಫೋನಲ್ಲಿ "ಬಿಗ್ ಮಾಮಾ ಕೇಕ್ ಕೊಟ್ರು" ಅಂದಾಗ ನಮ್ಮಮ್ಮ "ಅಲ್ಲಿ ಯಾವ ಮಾವನೇ ನಿಂಗೆ?" ಅಂತ ಗಾಬರಿ ಬಿದ್ದಿದ್ರು.

ಐದು ವರ್ಷದ ಹಿಂದೆ ಈ ಬಾಡಿಗೆ ಮನೆಗೆ ಬಂದ ಎರಡನೇ ದಿನವೇ ಅವರು ಪೌಂಡ್ ಕೇಕ್ ಹಿಡ್ಕೊಂಡು ಬಂದು ಬಾಗಿಲು ತಟ್ಟಿದ್ರು. ಬಾಗಿಲು ತೆಗೆದ್ರೆ "ಗುಡ್ ಈವ್ನಿಂಗ್, ಮ್ಯಾಮ್" ಅಂದ್ರು. ನನಗಾಗ 29, ಅವರಿಗೆ 77. ನನ್ನ ಹೆಸರು ಕೇಳಿದ್ರು. ಆಸ್ಪತ್ರೆಯಲ್ಲಿ ಎಲ್ಲರೂ ಕರೆಯೋ ತುಂಡು ಹೆಸರು ಹೇಳಿದೆ. "ಅದಲ್ಲ, ನಿಮ್ಮಮ್ಮ ಇಟ್ಟ ಹೆಸರು ಹೇಳಿ" ಅಂದ್ರು. ಒಂದೊಂದೇ ಅಕ್ಷರ ಬಿಡಿಸಿ ಚೀಟಿಯಲ್ಲಿ ಬರ್ಕೊಂಡ್ರು. ಮೂರನೇ ದಿನ ಅವರ ಮನೆ ಜಗಲಿಯಿಂದಲೇ ಮುಂದೊಂದು "ಮಿಸ್" ಸೇರಿಸಿ ಪೂರ್ತಿ ಹೆಸರು ಕೂಗಿದ್ರು. ನನ್ನ ಹೆಸರಿನ "ಳ" ಮಾತ್ರ ಕೊನೆವರೆಗೂ "ಲ" ಆಗೇ ಉಳೀತು.

ಶಾಲೆಯೊಂದರ ಅಡುಗೆಮನೆಯಲ್ಲಿ 30 ವರ್ಷ ದುಡಿದು, ಚಿಕ್ಕ ವಯಸ್ಸಿಗೇ ಗಂಡನನ್ನ ಕಳ್ಕೊಂಡು, ಮೂರು ಮಕ್ಕಳನ್ನ ಓದಿಸಿದ ಹೆಂಗಸು. ಭಾನುವಾರ ಬ್ಯಾಪ್ಟಿಸ್ಟ್ ಚರ್ಚ್ ತಪ್ಪಿಸಿದ್ದನ್ನ ನಾನು ನೋಡಿಲ್ಲ. ಬಿಳಿ ಯೂನಿಫಾರ್ಮ್, ಬಿಳಿ ಗ್ಲೌಸ್ ಹಾಕ್ಕೊಂಡು ಹೋಗೋರು. ಇಲ್ಲಿನ ಕಪ್ಪು ಜನರ ಚರ್ಚುಗಳಲ್ಲಿ "ಚರ್ಚ್ ನರ್ಸ್" ಅಂತ ಒಂದು ಸೇವೆ ಇದೆ. ಹಾಡು, ಪ್ರಾರ್ಥನೆ ಜೋರಾದಾಗ ಕೆಲವರಿಗೆ ಆವೇಶ ಬರುತ್ತೆ, ನಮ್ಮಲ್ಲಿ ಮೈಮೇಲೆ ಬರುತ್ತಲ್ಲ ಹಾಗೆ. ಅವರು ಬೀಳದ ಹಾಗೆ ಹಿಡಿಯೋದು, ಬೀಸಣಿಗೆ ಬೀಸೋದು, ನೀರು ಕೊಡೋದು ಇವರ ಕೆಲಸ. "ನಾನೂ ನರ್ಸೇ ಮ್ಯಾಮ್, ಲೈಸೆನ್ಸ್ ಒಂದಿಲ್ಲ" ಅಂತ ನಗೋರು.

ದಿನಾ ಬೆಳಗ್ಗೆ ಜಗಲಿಯಲ್ಲಿ ಕೂತು ಒಂದು ನೋಟ್‌ಬುಕ್ ಹಿಡಿದು ಪ್ರಾರ್ಥನೆ ಮಾಡೋರು. ಅದರ ತುಂಬಾ ಬರೀ ಹೆಸರುಗಳು. ಒಂದೊಂದನ್ನೂ ಗಟ್ಟಿಯಾಗಿ ಓದೋರು. "ದೇವರಿಗೆ ಎಲ್ಲರ ಹೆಸರೂ ಗೊತ್ತಿರುತ್ತಲ್ವಾ?" ಅಂತ ಒಂದಿನ ಕೇಳಿದೆ. "ದೇವರಿಗೆ ಗೊತ್ತು ಮ್ಯಾಮ್. ನನಗೆ ಮರೀಬಾರದಲ್ಲ" ಅಂದ್ರು. ಮೂರು ಸಲ ಚರ್ಚಿಗೆ ಕರೆದ್ರು. ಒಂದು ಸಲ ಹೋದೆ. ನಮ್ಮನೆ ದೇವರು ಮಂಜುನಾಥ ಅಂತ ಹೇಳಿದ ಮೇಲೆ ಮತ್ತೆ ಒತ್ತಾಯ ಮಾಡಲಿಲ್ಲ. "ಹೆಸರು ಮಾತ್ರ ಪುಸ್ತಕದಲ್ಲಿ ಇರುತ್ತೆ" ಅಂದ್ರು ಅಷ್ಟೇ.

ಹೊಸ ವರ್ಷದ ದಿನ ಈ ಕಡೆಯವರು ಅದೃಷ್ಟ ಬರಲಿ ಅಂತ ತಿನ್ನೋದು ಏನು ಗೊತ್ತಾ? ಅಲಸಂದೆ ಕಾಳು! ಅವರು ಕೊಟ್ಟ ಬಟ್ಟಲಲ್ಲೇ ನಾನು ಅಲಸಂದೆ ಸಾರು ಮಾಡಿ ವಾಪಸ್ ಕೊಟ್ಟೆ. ಪಾತ್ರೆ ಖಾಲಿ ಕಳಿಸಬಾರದು ಅನ್ನೋದು ಅವರಿಗೂ ಗೊತ್ತಿತ್ತು. ಸಾರು ತಿಂದು ಮೂರು ಲೋಟ ನೀರು ಕುಡಿದ್ರು. "ತುಂಬಾ ಚೆನ್ನಾಗಿದೆ ಮ್ಯಾಮ್" ಅಂದ್ರು, ಕಣ್ಣಲ್ಲಿ ನೀರು.

ಈಗ ನಿಜವಾಗಿ ಹೇಳಬೇಕಾಗಿರೋ ವಿಷಯಕ್ಕೆ ಬರ್ತೀನಿ.

ಎರಡು ವರ್ಷದ ಹಿಂದೆ ಒಂದು ರಾತ್ರಿ, ಪೇಶೆಂಟ್ ಒಬ್ಬರು ನನ್ನನ್ನ "ಏ ಹುಡುಗಿ" ಅಂತ ಕರೆದು, ಇಂಗ್ಲಿಷ್ ಬರೋ ನರ್ಸನ್ನ ಕಳಿಸು ಅಂದ್ರು. ನಾನು ಇಂಗ್ಲಿಷಲ್ಲೇ ಮಾತಾಡ್ತಿದ್ದೆ. ಜಗಳ ಯಾಕೆ ಅಂತ ಚಾರ್ಜ್ ನರ್ಸ್ ಆ ರೂಮನ್ನ ಬೇರೆಯವರಿಗೆ ಕೊಟ್ರು. ಬೆಳಗ್ಗೆ ಮನೆ ಮುಂದೆ ಕಾರ್ ನಿಲ್ಲಿಸಿ ಇಳಿಯದೆ ಅಳ್ತಾ ಕೂತಿದ್ದೆ. ಬಿಗ್ ಮಾಮಾ ಬಂದು ಗಾಜು ತಟ್ಟಿದ್ರು. ಅವರ ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟು, ಅವತ್ತು ಅವರ ಅಮ್ಮನ ಕಥೆ ಹೇಳಿದ್ರು.

1955ರ ಡಿಸೆಂಬರ್ 1ರಂದು ಇದೇ ಊರಲ್ಲಿ ರೋಸಾ ಪಾರ್ಕ್ಸ್ ಬಸ್ಸಲ್ಲಿ ಸೀಟು ಬಿಟ್ಟುಕೊಡಲ್ಲ ಅಂದಿದ್ದಕ್ಕೆ ಅರೆಸ್ಟ್ ಆದ್ರು. ಡಿಸೆಂಬರ್ 5ರಿಂದ ಊರಿನ ಕಪ್ಪು ಜನ ಬಸ್ ಹತ್ತೋದನ್ನೇ ಬಿಟ್ರು. 381 ದಿನ. ಬಿಗ್ ಮಾಮಾಗೆ ಆಗ 12 ವರ್ಷ. ಅವರಮ್ಮ ಬಿಳಿಯರ ಮನೆಯೊಂದರಲ್ಲಿ ಅಡುಗೆ ಕೆಲಸದವರು. ಅಷ್ಟೂ ದಿನ ನಡೆದೇ ಹೋದ್ರು, ಚರ್ಚಿನ ವ್ಯಾನ್ ಸಿಕ್ಕಿದ ದಿನ ಅದರಲ್ಲಿ. ಚಳವಳಿಗೆ ದುಡ್ಡು ಹೊಂದಿಸೋಕೆ ಜಾರ್ಜಿಯಾ ಗಿಲ್ಮೋರ್ ಅನ್ನೋ ಅಡುಗೆಯಾಕೆ ಹೆಂಗಸರನ್ನ ಸೇರಿಸಿ ಊಟ, ಕೇಕ್, ಪೈ ಮಾಡಿಸಿ ಮಾರಿಸೋರು. ಗುಂಪಿನ ಹೆಸರು "ಎಲ್ಲೂ ಇಲ್ಲದ ಕ್ಲಬ್". ದುಡ್ಡು ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳಿದ್ರೆ "ಎಲ್ಲಿಂದಲೂ ಇಲ್ಲ" ಅನ್ನಬಹುದಿತ್ತು. ನನಗೆ ಕೊಟ್ಟ ಪೌಂಡ್ ಕೇಕ್ ತಮ್ಮಮ್ಮ ಆ ದಿನಗಳಲ್ಲಿ ಮಾಡ್ತಿದ್ದ ಕೇಕೇ ಅಂದ್ರು.

ಆಮೇಲೆ ಹೇಳಿದ್ರು: "ನಡೆದಿದ್ದು ಅಮ್ಮನಿಗೆ ಕಷ್ಟ ಆಗಲಿಲ್ಲ ಮ್ಯಾಮ್. ಆ ಮನೆಯ ಆರು ವರ್ಷದ ಹುಡುಗಿ ನಮ್ಮಮ್ಮನನ್ನ ಬರೀ ಹೆಸರು ಹಿಡಿದು ಕೂಗೋದು. ನಮ್ಮಮ್ಮ ಆ ಮಗುವನ್ನ ಮಿಸ್ ಅಂತ ಕರೀಬೇಕಿತ್ತು. ಅದು ಕಷ್ಟ ಆಗ್ತಿತ್ತು."

1963ರಲ್ಲಿ ಇದೇ ಅಲಬಾಮಾದ ಕೋರ್ಟಲ್ಲಿ ಮೇರಿ ಹ್ಯಾಮಿಲ್ಟನ್ ಅನ್ನೋ ಹೋರಾಟಗಾರ್ತಿಯನ್ನ ವಕೀಲರು ಬರೀ "ಮೇರಿ" ಅಂದ್ರಂತೆ. ಬಿಳಿ ಹೆಂಗಸರಿಗೆ ಕೊಡೋ "ಮಿಸ್" ತನಗೂ ಕೊಡೋವರೆಗೆ ಉತ್ತರ ಹೇಳಲ್ಲ ಅಂದ್ರು ಆಕೆ. ಜಡ್ಜ್ ಐದು ದಿನ ಜೈಲು, 50 ಡಾಲರ್ ದಂಡ ಹಾಕಿದ್ರು. 1964ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡ್ತು. "ಅದಕ್ಕೇ ನಾನು ಯಾರನ್ನೂ ಬರೀ ಹೆಸರಿಂದ ಕರೆಯಲ್ಲ. ನೀವೂ ಮುಂದಿನ ಸಲ ಅಳಬೇಡಿ. ನಿಮ್ಮ ಪೂರ್ತಿ ಹೆಸರು ಹೇಳಿ. ನಿಮ್ಮನ್ನ ಏನಂತ ಕರೀಲಿ ಅಂತ ಅವರನ್ನೂ ಕೇಳಿ. ಮರ್ಯಾದೆ ಕೊಡಿ, ನಿಮ್ಮದನ್ನೂ ಕೇಳಿ ತಗೊಳ್ಳಿ" ಅಂದ್ರು. ಅವತ್ತಿಂದ ಪ್ರತಿ ಶಿಫ್ಟ್‌ನಲ್ಲೂ ಹಾಗೇ ಮಾಡ್ತೀನಿ.

ಆದ್ರೆ ಅವತ್ತು ಮನೆಗೆ ಬಂದು ಮಲಗಿದ್ರೆ ನಿದ್ದೆ ಬರಲಿಲ್ಲ. ಆ ಆರು ವರ್ಷದ ಹುಡುಗಿ ಕಣ್ಮುಂದೆ ಬಂದಳು. ಅದು ನಾನೇ ಆಗಿದ್ದೆ.

ಹಾಸನದ ಕಡೆ ನಮ್ಮ ಹಳ್ಳಿಯಲ್ಲಿ, ಗದ್ದೆ ಕೆಲಸಕ್ಕೆ ಕೇರಿಯಿಂದ ಒಬ್ಬರು ಬರ್ತಿದ್ರು. ನಮ್ಮಮ್ಮನಿಗಿಂತ ದೊಡ್ಡವರು. ನಾನು ಲಂಗ ಹಾಕ್ತಿದ್ದ ವಯಸ್ಸಲ್ಲೇ ಅವರನ್ನ "ಬಾರೇ", "ಹೋಗೇ" ಅಂತಿದ್ದೆ. ಅವರು ನನ್ನನ್ನ "ಚಿಕ್ಕವ್ವಾರೇ" ಅನ್ನೋರು. ಅವರ ಕಾಫಿ ಲೋಟ ಸೂರಿನಲ್ಲಿ ಸಿಕ್ಕಿಸಿರೋದು. ನಮ್ಮಜ್ಜಿ ದೊಡ್ಡ ದೈವಭಕ್ತೆ, ಸೋಮವಾರ ಉಪವಾಸ, ಹಸಿದು ಬಂದವರಿಗೆ ಅನ್ನ ಇಕ್ಕದೆ ಕಳಿಸಿದವರಲ್ಲ. ಆ ಲೋಟ ಸೂರಿನಲ್ಲಿ ಸಿಕ್ಕಿಸ್ತಿದ್ದವರೂ ಅವರೇ. ನನಗೆ ಅಜ್ಜಿ ಮೇಲೆ ಪ್ರೀತಿ ಈಗಲೂ ಅಷ್ಟೇ ಇದೆ. ಎರಡೂ ನಿಜ.

ಇದನ್ನ ಬಿಗ್ ಮಾಮಾಗೆ ಹೇಳಬೇಕು ಅಂದ್ಕೊಂಡೆ. ಅವರ ಕಥೆಯಲ್ಲಿ ನಾನು ಅವರ ಕಡೆಯವಳು ಅಂತ ಅವರು ನಂಬಿದ್ರು. ಆ ನಂಬಿಕೆ ನನಗೆ ಹಿತವಾಗಿತ್ತು. ಮುಂದಿನ ವಾರ, ಮುಂದಿನ ತಿಂಗಳು ಅಂತ ಮುಂದಕ್ಕೆ ಹಾಕಿದೆ.

ಅಷ್ಟರಲ್ಲಿ ಹಾರ್ಟ್ ಫೇಲ್ಯೂರ್ ಶುರುವಾಯ್ತು. ಡ್ಯೂಟಿ ಮುಗಿಸಿ ಬಂದು ದಿನಾ ಅವರ ತೂಕ ನೋಡಿ ಕ್ಯಾಲೆಂಡರಲ್ಲಿ ಬರೀತಿದ್ದೆ. (ಮನೇಲಿ ಹೃದಯದ ತೊಂದರೆ ಇರೋ ಹಿರಿಯರಿದ್ರೆ ನೆನಪಿಡಿ: ಒಂದೇ ದಿನದಲ್ಲಿ ಒಂದು ಕಿಲೋಗಿಂತ ಜಾಸ್ತಿ, ಅಥವಾ ವಾರದಲ್ಲಿ ಎರಡು ಕಿಲೋಗಿಂತ ಜಾಸ್ತಿ ತೂಕ ಏರಿದ್ರೆ ಅದು ನೀರು ತುಂಬ್ತಿರೋ ಲಕ್ಷಣ ಇರಬಹುದು. ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ.) ಉಪ್ಪು ಬಿಡಿ ಅಂತ ನಾನು ಬೈದ್ರೆ "ಯೆಸ್ ಮ್ಯಾಮ್" ಅಂದು, ನಾನು ಆ ಕಡೆ ತಿರುಗಿದ ಮೇಲೆ ಹಾಕ್ಕೊಳ್ಳೋರು. ಕೊನೇ ತಿಂಗಳು ಹಾಸ್ಪಿಸ್ ಕೇರ್‌ನಲ್ಲಿ ಮನೆಯಲ್ಲೇ ಇದ್ರು. ಒಂದು ಮುಂಜಾನೆ ಮೊಮ್ಮಗಳ ಕೈ ಹಿಡ್ಕೊಂಡೇ ಹೋದ್ರು. ನಾನು ಡ್ಯೂಟಿಯಲ್ಲಿದ್ದೆ.

ಇಲ್ಲಿ ಅಂತ್ಯಕ್ರಿಯೆಗೆ "ಹೋಮ್‌ಗೋಯಿಂಗ್" ಅಂತಾರೆ, ಮನೆಗೆ ಹೋಗೋದು. ಬಿಳಿ ಯೂನಿಫಾರ್ಮಿನ ಚರ್ಚ್ ನರ್ಸ್‌ಗಳು ಎರಡು ಸಾಲು ನಿಂತಿದ್ರು. ಊಟ ಆದ ಮೇಲೆ ಮೊಮ್ಮಗಳು ಆ ನೋಟ್‌ಬುಕ್ ತಂದು ತೋರಿಸಿದಳು. ನನ್ನ ಹೆಸರು ದೊಡ್ಡ ಅಕ್ಷರದಲ್ಲಿ, ಮಧ್ಯೆ ಗೀಟು ಹಾಕಿ ಬಿಡಿಸಿ ಬರೆದಿತ್ತು. ಅದರ ಕೆಳಗೆ ನಮ್ಮಮ್ಮನ ಹೆಸರು. ಅದರ ಕೆಳಗೆ, ಯಾವತ್ತೋ ಮಾತಿಗೆ ಹೇಳಿದ್ದ ನಮ್ಮಜ್ಜಿಯ ಹೆಸರು, ಮುಂದೆ "ಮಿಸ್" ಸೇರಿಸಿ.

ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿ, ಗದ್ದೆ ಕೆಲಸಕ್ಕೆ ಬರ್ತಿದ್ದವರ ಪೂರ್ತಿ ಹೆಸರೇನು ಅಂತ ಕೇಳಿದೆ. ಅಮ್ಮನಿಗೂ ಅಡ್ಡಹೆಸರು ಬಿಟ್ರೆ ಬೇರೆ ಗೊತ್ತಿರಲಿಲ್ಲ. ವಿಚಾರಿಸೋಕೆ ಎರಡು ದಿನ ಬೇಕಾಯ್ತು. ಅವರಿನ್ನೂ ಇದ್ದಾರೆ, ಮಗನ ಮನೆಯಲ್ಲಿ. ಅವರ ಮೊಮ್ಮಗನ ಫೋನಿಗೆ ವಿಡಿಯೋ ಕಾಲ್ ಮಾಡಿದೆ. ನನ್ನ ಮುಖ ನೋಡಿದ ತಕ್ಷಣ "ಚಿಕ್ಕವ್ವಾರೇ, ಚೆಂದಾಗಿದ್ದೀರಾ?" ಅಂದ್ರು. ನಾನು "ನೀವು ಹೇಗಿದ್ದೀರಮ್ಮ?" ಅಂದೆ. ಅವರು ಸುಮ್ಮನಾದ್ರು. ಆಮೇಲೆ ಮೊಮ್ಮಗನ ಕಡೆ ತಿರುಗಿ ಕೇಳಿದ್ರು: "ಯಾರ್ನ ಕೇಳ್ತಾವ್ರೆ?"

ಡಿಸೆಂಬರಲ್ಲಿ ರಜೆ ಸಿಗುತ್ತೆ. ಈ ಸಲ ಊರಿಗೆ ಹೋದಾಗ ಅವರ ಮನೆಗೆ ಹೋಗಿ, ಅವರ ಲೋಟದಲ್ಲಿ ಕಾಫಿ ಕುಡಿದು ಬರಬೇಕು. ಕೊಡ್ತಾರಾ ನೋಡಬೇಕು.

ಇವತ್ತಿಗೆ ಇಷ್ಟು. ಸಂಜೆ ಡ್ಯೂಟಿ ಇದೆ, ಸ್ವಲ್ಪ ಮಲಗ್ತೀನಿ.