ನಮ್ಮನಿ ಗೇಟಿಗೆ ಕಣ್ಣ ಇರಲಿಲ್ಲ

ಅಕ್ಕಾರ, ತಂಗೇರ, ಈ ಸಲ ಅಡಗಿ ವಿಷಯ ಬರಿಯಾಂಗಿಲ್ಲ. ಗೇಟಿನ ವಿಷಯ ಬರೀತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ಈಗ ನಮ್ಮ ಹುನ್ನೂರಾಗೂ ಜಮಖಂಡ್ಯಾಗೂ ಹೊಸಾ ಮನಿ ಕಟ್ಟಿದವರು ಬಟನ್ ಒತ್ತಿದ್ರ ತಾನ ಸರಿಯೋ ಗೇಟ ಹಚ್ಚಿಸಾಕತ್ತಾರ. ನಾವೂ ಹಚ್ಚಿಸಿದ್ವಿ.

ಹದಿನಾಕು ಫೂಟಿನ ಕಬ್ಬಿಣದ ಗೇಟು, ಹತ್ರ ಹತ್ರ ಮೂರು ಕ್ವಿಂಟಲ್. ಅಂದ್ರ ಮೂರು ಚೀಲ ಜ್ವಾಳ ಗಾಲಿ ಮ್ಯಾಲ ಓಡಿ ಬಂದಂಗ. ಹಚ್ಚಾಕ ಬಂದಾಂವ ಹೇಳಿದ್ದ, ಕಂಬಕ್ಕ ಸೆನ್ಸಾರ್ ಒಂದ ಜೋಡಿ, ಗೇಟಿನ ಮೂತಿಗೆ ರಬ್ಬರ್ ಪಟ್ಟಿ, ಇವಕ್ಕ ಬ್ಯಾರೆ ರೊಕ್ಕ ಆಗ್ತಾವ ಅಂತ. "ಈಗ ಬ್ಯಾಡ, ಮುಂದ ನೋಡೋಣು" ಅಂದ್ರು ನಮ್ಮವರು. ನಾನೂ ಅಲ್ಲೇ ನಿಂತಿದ್ದೆ, ಒಂದ ಮಾತ ಆಡಲಿಲ್ಲ. ಪಡಸಾಲಿಗೆ ದುಬಾರಿ ಟೈಲ್ಸ್ ಬೇಕಂತ ಹಟಾ ಹಿಡಿದಾಕಿ ಮಾತ್ರ ನಾನ.

ನಾಗರ ಪಂಚಮಿ ಮುಂದ ಆದದ್ದು. ಮನಿ ಕೆಲಸಕ್ಕ ಬರೋ ನಮ್ಮ ಅಕ್ಕಗ ಒಂದ ಡಬ್ಬಿ ತುಂಬ ಶೇಂಗಾ ಉಂಡಿ ಕೊಟ್ಟು ಕಳಿಸಿದ್ದೆ. ಅದ ಹೊತ್ತಿಗೆ ಮಗ ಕಾರ್ ಹೊರಗ ತಗದು, ಹಿಂದ ಹೊಳ್ಳಿ ನೋಡದ ರಿಮೋಟ್ ಒತ್ತಿ ಹ್ವಾದ. ಅಕಿ ಗೇಟಿನಾಗ ಬಂದಾಳ, ಡಬ್ಬಿ ಮುಚ್ಚಳ ಬಿಚ್ಚಿ ಉಂಡಿ ಉರುಳ್ಯಾವ, ಆರಿಸಾಕ ಬಗ್ಗ್ಯಾಳ. ಚೀರಿದ್ದು ಕೇಳಿ ನಾ ಓಡಿದೆ. ಗೇಟಿಗೂ ಕಂಬಕ್ಕೂ ನಡುವ ಕೈ. ಮೋಟರ್ ಗುರ್ ಅಂತ ಒತ್ತತಾನ ಇತ್ತು. ಕರೆಂಟ್ ತಗದು ಕೈಲೆ ಸರಿಸೋ ಕೀಲಿ ಒಂದ ಇರ್ತದ, ಅದು ಎಲ್ಲೈತಿ ಅಂತ ಮನ್ಯಾಗ ಯಾರಿಗೂ ಗೊತ್ತಿಲ್ಲ! ಕಡೀಕ ಒಳಗಿನ ಬಟನ್ ಒತ್ತಿ ಸರಿಸಿದೆ. ಮಣಿಕಟ್ಟಿನ ಎಲುಬು ಮುರದಿತ್ತು.

ದಾವಾಖಾನಿ ಬಿಲ್ ನಾವ ಕೊಟ್ವಿ. ಆದರ ಆಮ್ಯಾಲ ನಡೆದ ಮಾತು ಕೇಳ್ರಿ. ನಮ್ಮತ್ತಿ, "ಅಕಿ ಯಾಕ ಗೇಟಿನಾಗ ಬಗ್ಗಬೇಕಿತ್ತು?" ಓಣಿಯವರೂ ಅದನ್ನ ಅಂದ್ರು, ನೀವೂ ಒಬ್ಬಿಬ್ಬರು ಅಂದೀರಿ. ಅಕಿನೂ "ನಂದ ತಪ್ಪರಿ ಅಕ್ಕಾರ" ಅಂದ್ಲು. ಆ ಮಾತಿಗೆ ನನಗ ರಾತ್ರಿ ನಿದ್ದಿ ಬರಲಿಲ್ಲ.

ವಕೀಲಕಿ ಮಾಡೋ ನಮ್ಮಣ್ಣನ ಮಗನ್ನ ಕೇಳಿದೆ. ಅಂವ ಹೇಳಿದ, ಅತ್ತಿ, ಗೇಟ ಯಾರದೋ ಅದನ್ನ ಕಾಳಜಿಲೆ ಇಡೋ ಜವಾಬ್ದಾರಿನೂ ಮೊದಲ ಅವರದ. 2024ರ ಜುಲೈ 1ರಿಂದ ಬಂದ ಹೊಸಾ ಭಾರತೀಯ ನ್ಯಾಯ ಸಂಹಿತಾದಾಗ 125ನೇ ಕಲಂ ನಿಷ್ಕಾಳಜಿಯಿಂದ ಆಗೋ ಗಾಯದ್ದು. ಎಲುಬು ಮುರದ್ರ ಅದು ಘೋರ ಗಾಯ, 3 ವರ್ಷದ ತನಕ ಜೈಲ್ ಆಗಬಹುದು. ಜೀವ ಹ್ವಾದ್ರ 106ನೇ ಕಲಂ, 5 ವರ್ಷದ ತನಕ. ಸಾಮಾನದಾಗ ಅಥವಾ ಹಚ್ಚೋದ್ರಾಗ ದೋಷ ಇದ್ರ ತಯಾರಿಸಿದವರು, ಮಾರಿದವರು, ಹಚ್ಚಿದವರ ಮ್ಯಾಲ 2019ರ ಗ್ರಾಹಕರ ಕಾಯದೆ ಪ್ರಕಾರ ಎರಡು ವರ್ಷದೊಳಗ ಗ್ರಾಹಕ ಆಯೋಗಕ್ಕ ಹೋಗಬಹುದು. "ಆದರ ಅಂವ ಸೆನ್ಸಾರ್ ಹಚ್ಚತೀನಿ ಅಂದಿದ್ದ, ಬ್ಯಾಡ ಅಂದವರು ನೀವು" ಅಂದ. ಬಾಯಿ ಮುಚ್ಚಿತು ನಂದು.

ಅಂವನ ಇನ್ನೊಂದು ಹೇಳಿದ. ಬ್ರಿಟನ್ ದೇಶದಾಗ 2010ರಾಗ ಒಂದ ವಾರದೊಳಗ ಇಬ್ಬರು ಸಣ್ಣ ಹುಡುಗ್ಯಾರು, ಒಬ್ಬಾಕಿ ಮ್ಯಾಂಚೆಸ್ಟರ್‌ದಾಕಿ, ಒಬ್ಬಾಕಿ ವೇಲ್ಸಿನ ಬ್ರಿಜೆಂಡ್‌ದಾಕಿ, ಇಂಥಾ ಗೇಟಿನಾಗ ಸಿಕ್ಕ ಸತ್ತರಂತ. ಬ್ರಿಜೆಂಡ್ ಕೇಸಿನ್ಯಾಗ ಆ ಗೇಟಿನ ಕೆಲಸ ಮಾಡಿದ ಎರಡು ಕಂಪನಿಗೆ ಕೋರ್ಟ್ ದಂಡ ಹಾಕ್ತು. ಕೂಸು ಯಾಕ ಅಲ್ಲಿ ಹೋಗಿತ್ತು ಅಂತ ಕೇಳಲಿಲ್ಲ, ಗೇಟ ಯಾಕ ನಿಲ್ಲಲಿಲ್ಲ ಅಂತ ಕೇಳಿದ್ರು. ಯುರೋಪಿನ ನಿಯಮದಾಗ ಮುಚ್ಚೋ ಗೇಟು 400 ನ್ಯೂಟನ್‌ಗಿಂತ ಹೆಚ್ಚು ಒತ್ತಬಾರದು, ಅಂದ್ರ ಸುಮಾರು 40 ಕಿಲೋ ಭಾರ, ಅದೂ ಮುಕ್ಕಾಲು ಸೆಕೆಂಡಿನೊಳಗ ಸಡಿಲ ಆಗಬೇಕು. ನಮ್ಮದು ಒತ್ತಿದ್ದು ಎಷ್ಟೋ, ಶಿವನ ಬಲ್ಲ.

ದೂರ ಯಾಕ, 2024ರ ಸಪ್ಟೆಂಬರ್‌ದಾಗ ಬೆಂಗಳೂರಿನ ಮಲ್ಲೇಶ್ವರದ ಆಟದ ಮೈದಾನದಾಗ ಕಬ್ಬಿಣದ ಗೇಟ ಮೈಮ್ಯಾಲ ಬಿದ್ದು ಹತ್ತು-ಹನ್ನೊಂದು ವರ್ಷದ ಹುಡುಗ ಹ್ವಾದ. ಅದಕ್ಕ ಹಳಿಯ ಕೊನಿಗೆ ಗಟ್ಟಿ ಸ್ಟಾಪರ್ ಐತೋ ಇಲ್ಲೋ ನೋಡ್ರಿ, ಅದಿಲ್ಲಂದ್ರ ಮೋಟರ್ ಗೇಟೂ ಹಳಿ ಬಿಟ್ಟು ಬೀಳ್ತದ.

ಈಗ ನಾವು ಸೆನ್ಸಾರ್ ಎರಡು ಜೋಡಿ ಹಚ್ಚೀವಿ. ಒಂದು ಮಣಕಾಲ ಎತ್ತರಕ್ಕ, ಒಂದು ಎದಿ ಎತ್ತರಕ್ಕ. ಒಂದ ಜೋಡಿ ಇದ್ರ ಅದು ಆ ಒಂದ ಗೆರಿ ಅಷ್ಟ ನೋಡ್ತದ, ಬಗ್ಗಿದವರು, ಅಂಬೆಗಾಲಿನ ಕೂಸು ಕಾಣಾಂಗಿಲ್ಲ. ಮೂತಿಗೆ ರಬ್ಬರ್ ಪಟ್ಟಿನೂ ಆತು, ಮೋಟರಿನ ಜೋರು ಇಳಿಸಿದ್ದೂ ಆತು. ಅಮಾಸಿಗೊಮ್ಮೆ ನಾನ ಗೇಟ ಮುಚ್ಚಾಕ ಬಿಟ್ಟು ಕಸಬರಿಗಿ ಅಡ್ಡ ಹಿಡೀತೀನಿ. ನಿಂತು ಹೊಳ್ಳಿ ಹೋಗಬೇಕು. ಕೀಲಿ ಈಗ ದೇವರ ಕೋಣಿ ಮೊಳಿಗೆ ತೂಗ್ಯಾಡತದ.

ಅಕಿಗೆ ಎರಡೂವರಿ ತಿಂಗಳು ಕೆಲಸಕ್ಕ ಬರಾಕ ಆಗಲಿಲ್ಲ. ನಮ್ಮನಿ ಪಗಾರ ಅಷ್ಟ ಕೊಡೋಣು ಅಂದ್ರು ಇವರು. ಅಕಿ ಇನ್ನೂ ಮೂರು ಮನಿ ಮಾಡತಿದ್ಲು, ಅವನ್ನ ಯಾರು ಕೊಡಬೇಕು? ಜಗಳ ಆಡಿ ನಾಕೂ ಮನೀದು ಕೊಡಿಸಿದೆ. ಅತ್ತಿ ವಾರಗಟ್ಟಲೆ ಮಾತಾಡಲಿಲ್ಲ, ಇರಲಿ.

ಅಕಿ ಹೊಳ್ಳಿ ಬಂದಾಳ. ಮಗ್ಗಲಿನ ಸಣ್ಣ ಬಾಗಲಾ ತಗದ ಇಟ್ಟಿರತೀನಿ. ಆದರೂ ದೊಡ್ಡ ಗೇಟ ಸರಿಯೋ ಸಪ್ಪಳ ಕೇಳಿದ್ರ ಮುಸುರಿ ತಿಕ್ಕೋದು ಬಿಟ್ಟು, ಬಲಗೈ ಮಣಿಕಟ್ಟು ಎಡಗೈಲೆ ಹಿಡಕೊಂಡು, ಅದು ನಿಲ್ಲೂತನಕ ಸುಮ್ನ ಕುಂದ್ರತಾಳ.